ನಿಂದೆ ರುಚಿಯಾಗಿರುತ್ತದೆ, ಅದೇ ತೊಂದರೆ

(ಮುಂಬೈ ಉಪನಗರದ ಕನ್ನಡ ಭಜನಾ ಮಂಡಳಿಯೊಂದರ ವಾರ್ಷಿಕ ಕಾರ್ಯಕ್ರಮದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಒಂದು ವಿಷಯ ಮೊದಲೇ ಒಪ್ಪಿಕೊಂಡುಬಿಡೋಣ. ಇನ್ನೊಬ್ಬರ ಬಗ್ಗೆ ತೀರ್ಪು ಕೊಡುವುದರಲ್ಲಿ ಸುಖ ಇದೆ. ಮಳೆಗಾಲದ ಸಂಜೆ ಬಿಸಿ ಕಾಂದಾ ಭಜಿ ತಿಂದ ಹಾಗೆ. ಒಂದು ತಿಂದರೆ ಇನ್ನೊಂದು ಬೇಕು. ಸಾಕು ಅಂತ ಗೊತ್ತಿದ್ದರೂ ಕೈ ತಟ್ಟೆಗೆ ಹೋಗುತ್ತದೆ. "ಅವಳ ಮಗ ಇಂಜಿನಿಯರಿಂಗ್ ಅರ್ಧಕ್ಕೇ ಬಿಟ್ಟನಂತೆ." "ಮೂರನೇ ಮಹಡಿಯವರು ವರ್ಷದಿಂದ ಮೇಂಟೆನೆನ್ಸ್ ಕಟ್ಟಿಲ್ಲವಂತೆ." ಇಂಥ ಮಾತು ಶುರುವಾದ ತಕ್ಷಣ ನಾವೆಲ್ಲ ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಬಾಗುತ್ತೇವೆ, ಅಲ್ವಾ?

ಅಧ್ಯಾತ್ಮದ ಬಗ್ಗೆ ಮಾತಾಡುವವರು ಈ ಸುಖದ ಸುದ್ದಿ ಎತ್ತುವುದಿಲ್ಲ. ನಿಂದೆ ಕೆಟ್ಟದ್ದು, ಬಿಡಿ ಅಂತ ಹೇಳಿ ಮುಂದಕ್ಕೆ ಹೋಗುತ್ತಾರೆ. ಕೆಟ್ಟದ್ದು ಅಂತ ನಮಗೆ ಗೊತ್ತಿಲ್ಲದೇ ಇದೆಯಾ? ಕಹಿಯಾಗಿದ್ದರೆ ಎಂದೋ ಬಿಡುತ್ತಿದ್ದೆವು. ಅದು ರುಚಿಯಾಗಿದೆ, ಹಾಗಾಗಿ ಬಿಡಲು ಆಗುತ್ತಿಲ್ಲ. ಇಲ್ಲಿಂದ ಶುರು ಮಾಡಿದರೆ ಮಾತ್ರ ಇವತ್ತಿನ ವಿಷಯದ ಬಗ್ಗೆ, ಅಂದರೆ ತೀರ್ಪು ಬಿಟ್ಟು ಅಧ್ಯಾತ್ಮ ಆರಿಸಿಕೊಳ್ಳುವುದರ ಬಗ್ಗೆ, ಏನಾದರೂ ಪ್ರಯೋಜನದ ಮಾತು ಆಡಬಹುದು.

ಹಾಗಾದರೆ ಯಾರ ಬಗ್ಗೆಯೂ ಏನೂ ಅಂದುಕೊಳ್ಳಬಾರದಾ? ಹಾಗಲ್ಲ. ಹಳೆಯ ಸಾಲ ತೀರಿಸದವನು ಮತ್ತೆ ಸಾಲ ಕೇಳಿದರೆ ಕೊಡಬೇಡಿ. ಮಗಳಿಗೆ ಗಂಡು ನೋಡುವಾಗ ನಾಲ್ಕು ಕಡೆ ವಿಚಾರಿಸಿ. ನಾನು ಬ್ಯಾಂಕಿನ ಕೌಂಟರಿನಲ್ಲಿ ಕೂತು ನಿವೃತ್ತಳಾದವಳು. ಸಹಿ ತಾಳೆಯಾಗದಿದ್ದರೆ ಚೆಕ್ ವಾಪಸ್ ಕೊಡಲೇಬೇಕು, ಅದು ಕೆಲಸ. ಆದರೆ "ಸಹಿ ಹೊಂದುತ್ತಿಲ್ಲ" ಅನ್ನುವುದು ಬೇರೆ, "ಈ ಮನುಷ್ಯ ಕಳ್ಳ" ಅನ್ನುವುದು ಬೇರೆ. ವಯಸ್ಸಾದವರ ಕೈ ನಡುಗಿದರೂ ಸಹಿ ಬದಲಾಗುತ್ತದೆ. ಚೆಕ್ ನೋಡಿ ಚೆಕ್ಕಿನ ಬಗ್ಗೆ ಹೇಳಿದರೆ ವಿವೇಕ. ಚೆಕ್ ನೋಡಿ ಇಡೀ ಮನುಷ್ಯನ ಮೇಲೆ ಸೀಲ್ ಹೊಡೆದರೆ ಅದು ತೀರ್ಪು. ನಾವು ಬಿಡಬೇಕಾದದ್ದು ಆ ಸೀಲನ್ನು.

ಮುಂಬೈಯಲ್ಲಿ ಇದು ಜಾಸ್ತಿ ಕಷ್ಟ. ಊರಿನಲ್ಲಿ ಎರಡು ಮನೆಗಳ ನಡುವೆ ಒಂದು ತೋಟವೋ ಗದ್ದೆಯೋ ಇರುತ್ತದೆ. ಇಲ್ಲಿ ಪಕ್ಕದ ಮನೆಯ ಕುಕ್ಕರ್ ಎಷ್ಟು ಸಲ ಕೂಗಿತು ಅನ್ನುವುದೂ ಕೇಳುತ್ತದೆ. ಇನ್ನು ಲೋಕಲ್ ಟ್ರೇನ್. ಮೂವರ ಸೀಟಿಗೆ ನಾಲ್ಕನೆಯವರು ಬಂದಾಗ ಸರಿದು ಜಾಗ ಕೊಟ್ಟರೆ ಒಳ್ಳೆಯವರು, ಸರಿಯದಿದ್ದರೆ ಸೊಕ್ಕಿನವರು. ಸೊಂಟ ನೋವಿರಬಹುದು ಅಂತ ಯೋಚಿಸಲು ಯಾರಿಗೆ ಪುರುಸೊತ್ತು? ಬೊರಿವಲಿಯಲ್ಲಿ ಇಳಿಯುವವರು ಇನ್ನೂ ಮುಂದಕ್ಕೆ ಹೋಗುವ ವಿರಾರ್ ಫಾಸ್ಟ್ ಹತ್ತಿದರೆ, ದೂರ ಹೋಗುವವರ ಬಾಯಲ್ಲಿ ಅವರ ಕತೆ ಮುಗಿದ ಹಾಗೆ. ಗಾಡಿ ಅರ್ಧ ನಿಮಿಷವೂ ನಿಲ್ಲುವುದಿಲ್ಲ. ಅಷ್ಟರಲ್ಲಿ ನಾವು ಒಬ್ಬರ ಜಾತಕವನ್ನೇ ಬರೆದು ಮುಗಿಸಿರುತ್ತೇವೆ.

ಅವಸರದ ಮಾತು ಬಂತಲ್ಲ, ಒಂದು ಪ್ರಯೋಗದ ಬಗ್ಗೆ ಹೇಳುತ್ತೇನೆ. ಸ್ವಲ್ಪ ಉದ್ದ, ಆದರೆ ಕೇಳಬೇಕಾದದ್ದು. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಗಳಾಗಲು ಓದುವವರ ಒಂದು ಸೆಮಿನರಿ ಇದೆ. ಅಲ್ಲಿನ 40 ವಿದ್ಯಾರ್ಥಿಗಳನ್ನು ಇಟ್ಟುಕೊಂಡು ಜಾನ್ ಡಾರ್ಲಿ, ಡೇನಿಯಲ್ ಬ್ಯಾಟ್ಸನ್ ಎಂಬ ಇಬ್ಬರು ಮನಃಶಾಸ್ತ್ರಜ್ಞರು ಈ ಪ್ರಯೋಗ ಮಾಡಿದರು. 1973ರಲ್ಲಿ ಅದನ್ನು ಪ್ರಕಟಿಸಿದರು. ವಿದ್ಯಾರ್ಥಿಗಳು ಪಕ್ಕದ ಕಟ್ಟಡಕ್ಕೆ ಹೋಗಿ ಚಿಕ್ಕ ಭಾಷಣ ಮಾಡಬೇಕಿತ್ತು. ಅರ್ಧ ಜನರಿಗೆ ಕೊಟ್ಟ ವಿಷಯ ಯೇಸು ಹೇಳಿದ ಒಳ್ಳೆಯ ಸಮಾರ್ಯದವನ ಕತೆ. ದಾರಿಯಲ್ಲಿ ಕಳ್ಳರು ಹೊಡೆದು ಹಾಕಿದ ಒಬ್ಬನನ್ನು ನೋಡಿಯೂ ಯಾಜಕ ಆಚೆ ಬದಿಯಿಂದ ಹೋಗುತ್ತಾನೆ. ಎಲ್ಲರೂ ಕೀಳಾಗಿ ಕಾಣುವ ಸಮಾರ್ಯದವನು ನಿಂತು ಆರೈಕೆ ಮಾಡುತ್ತಾನೆ. ನಿಮ್ಮಲ್ಲಿ ಅನೇಕರಿಗೆ ಈ ಕತೆ ಗೊತ್ತಿರುತ್ತದೆ. ಉಳಿದ ಅರ್ಧ ಜನರಿಗೆ ಕೊಟ್ಟದ್ದು ಉದ್ಯೋಗದ ಕುರಿತ ಸಾದಾ ವಿಷಯ.

ಹೊರಡುವಾಗ ಕೆಲವರಿಗೆ "ಇನ್ನೂ ಟೈಮ್ ಇದೆ, ನಿಧಾನ ಹೋಗಿ" ಅಂದರು. ಕೆಲವರಿಗೆ "ಈಗ ಹೊರಟರೆ ಸರಿ" ಅಂದರು. ಕೆಲವರಿಗೆ "ಆಗಲೇ ತಡವಾಯಿತು, ಓಡಿ" ಅಂದರು. ಹೋಗುವ ಓಣಿಯಲ್ಲಿ ಒಬ್ಬ ಮನುಷ್ಯ ತಲೆ ತಗ್ಗಿಸಿ ಕುಸಿದು ಕೂತಿದ್ದ. ಕೆಮ್ಮುತ್ತಿದ್ದ, ನರಳುತ್ತಿದ್ದ. ಅವನನ್ನು ಬೇಕೆಂದೇ ಅಲ್ಲಿ ಕೂರಿಸಿದ್ದರು. ಟೈಮ್ ಇದ್ದವರಲ್ಲಿ ನೂರಕ್ಕೆ 63 ಮಂದಿ ಏನಾದರೂ ಸಹಾಯ ಮಾಡಿದರು. ಮಧ್ಯದವರಲ್ಲಿ 45. ಓಡುತ್ತಿದ್ದವರಲ್ಲಿ 10. ಭಾಷಣದ ವಿಷಯ ಯಾವುದು ಅನ್ನುವುದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಏನೂ ಆಗಲಿಲ್ಲ. ಸಮಾರ್ಯದವನ ಕತೆ ಹೇಳಲು ಓಡುತ್ತಿದ್ದವರೇ ಕೆಲವರು ಆ ಮನುಷ್ಯನನ್ನು ದಾಟಿಕೊಂಡು ಹೋದರು.

ಈಗ ನಿಮ್ಮ ಮನಸ್ಸಿನಲ್ಲಿ ಏನು ಬಂತು? "ಛೇ, ಪಾದ್ರಿಗಳಾಗುವವರು ಹೀಗಾ?" ಬಂತಲ್ಲ? ಮುಖ ನೋಡಿದರೆ ಗೊತ್ತಾಗುತ್ತೆ. ಆದರೆ ಪ್ರಯೋಗ ತೋರಿಸಿದ್ದು ಇದಕ್ಕೆ ಉಲ್ಟಾ. ಅವರೇನು ಕಲ್ಲು ಮನಸ್ಸಿನವರಲ್ಲ. ಅದೇ ಸೆಮಿನರಿಯಲ್ಲಿ ಟೈಮ್ ಸಿಕ್ಕವರು ನಿಂತರು, ಸಿಗದವರು ನಿಲ್ಲಲಿಲ್ಲ. ಇನ್ನೊಬ್ಬರು ತಪ್ಪಿದಾಗ ಅವರ ಗುಣವೇ ಹಾಗೆ ಅನ್ನುತ್ತೇವೆ, ಅವರ ಪರಿಸ್ಥಿತಿ ಕಾಣುವುದಿಲ್ಲ. 1977ರಲ್ಲಿ ಲೀ ರಾಸ್ ಎಂಬ ಮನಃಶಾಸ್ತ್ರಜ್ಞ ಇದಕ್ಕೆ ಒಂದು ದೊಡ್ಡ ಹೆಸರನ್ನೇ ಕೊಟ್ಟ. ಹೆಸರು ನಮಗೆ ಬೇಡ. ನಾವು ತಡವಾಗಿ ಬಂದರೆ ಟ್ರೇನ್ ಲೇಟು, ಅವರು ತಡವಾಗಿ ಬಂದರೆ ಅವರಿಗೆ ಶಿಸ್ತಿಲ್ಲ. ಇಷ್ಟೇ.

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. ವಾಟ್ಸಾಪ್‌ನಲ್ಲಿ ದಿನಾ ಒಂದು ಕತೆ ಬರುತ್ತದೆ. ಎಲ್ಲರೂ ಜಿಪುಣ ಅಂತ ಹೀಯಾಳಿಸುತ್ತಿದ್ದ ಅಂಗಡಿಯವನು ಸತ್ತ ಮೇಲೆ, ಅವನು ಎಷ್ಟೋ ಮಕ್ಕಳ ಫೀಸು ಕಟ್ಟುತ್ತಿದ್ದ ಅಂತ ಗೊತ್ತಾಗುತ್ತದೆ. ಕೊನೆಗೆ ಎರಡು ಕೈ ಜೋಡಿಸಿದ ಚಿತ್ರ. ನನಗೆ ಇಂಥ ಕತೆಗಳ ಮೇಲೆ ತಕರಾರಿದೆ. ಅವನು ಗುಟ್ಟಾಗಿ ಒಳ್ಳೆಯವನಾಗಿದ್ದ, ಹಾಗಾಗಿ ನಾವು ಹೀಯಾಳಿಸಿದ್ದು ತಪ್ಪು ಅಂತ ಅದು ಕಲಿಸುತ್ತದೆ. ಅಂದರೆ ಅವನು ನಿಜವಾಗಿಯೂ ಜಿಪುಣನೇ ಆಗಿದ್ದರೆ ಹೀಯಾಳಿಸಬಹುದಿತ್ತಾ?

ಬ್ಯಾಂಕಿಗೆ ಒಬ್ಬರು ಪಿಂಚಣಿದಾರರು ಬರುತ್ತಿದ್ದರು. ಪಾಸ್‌ಬುಕ್ ಎಂಟ್ರಿ ಹಾಕಿಸಿ, ಅಲ್ಲೇ ನಿಂತು ಪ್ರತಿ ಸಾಲು ಓದಿ, ಮತ್ತೆ ಏನಾದರೂ ಕೇಳುವುದು ಅವರ ಪದ್ಧತಿ. ಹಿಂದಿನ ಸಾಲು ಗೊಣಗುತ್ತಿತ್ತು. ಅವರ ಹಿಂದೆ ದುಃಖದ ಕತೆ ಏನೂ ಇರಲಿಲ್ಲ. ಮಕ್ಕಳು ಚೆನ್ನಾಗಿದ್ದರು, ಆರೋಗ್ಯ ಚೆನ್ನಾಗಿತ್ತು. ಮನುಷ್ಯ ಕಿರಿಕಿರಿ, ಅಷ್ಟೇ. ಅಂಥವರ ಎದುರಿಗೂ ಮನಸ್ಸು ಕಹಿಯಾಗದೆ ಎಂಟ್ರಿ ಹಾಕಿಕೊಡುವುದು ಸಾಧ್ಯವಾ? ನಿಜವಾದ ಪರೀಕ್ಷೆ ಅಲ್ಲಿದೆ. ಕಾರಣ ಗೊತ್ತಾದ ಮೇಲೆ ಕ್ಷಮಿಸುವುದು ದೊಡ್ಡ ವಿಷಯ ಅಲ್ಲ.

ಈಗ ನಮ್ಮ ಮನೆಯ ಮಾತಿಗೆ ಬರೋಣ. ದೇವರು, ಪೂಜೆ, ಭಜನೆ ಅಂತ ಇರುವವರಲ್ಲಿ ತೀರ್ಪು ಕಡಿಮೆ ಇರಬೇಕಿತ್ತು. ಇದೆಯಾ? ನನಗೆ ಕಂಡಂತೆ ಎಷ್ಟೋ ಸಲ ಜಾಸ್ತಿಯೇ ಇರುತ್ತದೆ. ಮೊದಲು ಸೀರೆ, ಮನೆ, ಸಂಬಳ ನೋಡಿ ಅಳೆಯುತ್ತಿದ್ದೆವು. ಭಜನೆಗೆ ಸೇರಿದ ಮೇಲೆ ಅಳೆಯಲು ಹೊಸ ಕೋಲು ಸಿಗುತ್ತದೆ. ಯಾರು ಏಕಾದಶಿ ಮಾಡುತ್ತಾರೆ, ಯಾರು ಮಾಡುವುದಿಲ್ಲ. ಯಾರು ಈರುಳ್ಳಿ ಬಿಟ್ಟಿದ್ದಾರೆ. ಯಾರು ತಾಳ ತಪ್ಪುತ್ತಾರೆ. ನಮ್ಮಲ್ಲೇ ನೋಡಿ, ಹೊಸಬರು ತಪ್ಪಾಗಿ ತಾಳ ಹಾಕಿದರೆ ಹಾರ್ಮೋನಿಯಂ ಪಕ್ಕದಿಂದ ಒಂದು ನೋಟ ಹೋಗುತ್ತದೆ. (ನಗಬೇಡಿ, ಯಾರು ಅಂತ ಹೇಳುವುದಿಲ್ಲ.) ವಿಠ್ಠಲನ ಹೆಸರು ಬಾಯಲ್ಲಿ, ನೋಟದಲ್ಲಿ ಮಾತ್ರ ಚೂರಿ. ಲೋಕದ ಡೊಂಕನ್ನು ನೀವೇಕೆ ತಿದ್ದುತ್ತೀರಿ ಅಂತ ಬಸವಣ್ಣ ಕೇಳಿದ್ದು ನಮಗೆಲ್ಲ ಬಾಯಿಪಾಠ. ಆ ಮಾತನ್ನೂ ನಾವು ಹೇಳುವುದು ಎದುರಿನವರಿಗೇ.

ಅಧ್ಯಾತ್ಮ ಬಂದರೆ ತೀರ್ಪು ತಾನಾಗಿ ಬಿದ್ದುಹೋಗುತ್ತದೆ ಅನ್ನುವುದನ್ನು ನಾನು ನಂಬುವುದಿಲ್ಲ. ಬೀಳುವುದಿಲ್ಲ, ಬರೀ ಬಟ್ಟೆ ಬದಲಾಯಿಸುತ್ತದೆ. ತೀರ್ಪು ಬಿಡುವುದನ್ನೇ ಸಾಧನೆಯಾಗಿ ಮಾಡಬೇಕು. ಜಪ ಮಾಡಿದ ಹಾಗೆ, ಹೊತ್ತು ಗೊತ್ತು ಮಾಡಿಕೊಂಡು. ಹೀಗೆ ಮಾಡಿದವರು ಈ ಊರಿನಲ್ಲಿ, ಸುತ್ತಮುತ್ತ, ನಮ್ಮ ಕಣ್ಣೆದುರಿಗೇ ಇದ್ದಾರೆ.

ನಿಮ್ಮ ಬಿಲ್ಡಿಂಗಿನ ಜೈನರನ್ನೇ ತೆಗೆದುಕೊಳ್ಳಿ. ಅವರಲ್ಲಿ 18 ಪಾಪಸ್ಥಾನಗಳ ಪಟ್ಟಿ ಇದೆ. ಹಿಂಸೆ, ಸುಳ್ಳು, ಕಳ್ಳತನ ಎಲ್ಲ ಬರುತ್ತದೆ. ಅದೇ ಸಾಲಿನಲ್ಲಿ ಜಗಳ, ಸುಳ್ಳು ಆರೋಪ ಹೊರಿಸುವುದು, ಚಾಡಿ ಹೇಳುವುದು, ಪರನಿಂದೆ, ಇವೂ ಬೇರೆ ಬೇರೆಯಾಗಿ ನಿಂತಿವೆ. ನಾವು ಹರಟೆ ಅಂತ ಒಂದೇ ಗಂಟಿಗೆ ಕಟ್ಟುವುದನ್ನು ಅವರು ಬಿಡಿಬಿಡಿಯಾಗಿ ಎಣಿಸಿದ್ದಾರೆ. ಪರ್ಯುಷಣ ಅನ್ನುವ ಅವರ ವ್ರತದ ದಿನಗಳ ಕೊನೆಗೆ, ನಮ್ಮ ಗಣೇಶ ಚೌತಿಯ ಆಸುಪಾಸಿನಲ್ಲಿ, ಸಂವತ್ಸರಿಯ ದಿನ ಎಲ್ಲರ ಹತ್ತಿರ ಕ್ಷಮೆ ಕೇಳುತ್ತಾರೆ. ಮಿಚ್ಛಾಮಿ ದುಕ್ಕಡಂ ಅಂತ ಲಿಫ್ಟಿನಲ್ಲಿ ಕೈಮುಗಿದದ್ದು ನೀವೂ ಕೇಳಿರುತ್ತೀರಿ. ಈಗ ಅದೂ ಫಾರ್ವರ್ಡ್ ಆಗಿ ಬರುತ್ತದೆ, ಇರಲಿ. ವರ್ಷಕ್ಕೊಮ್ಮೆಯಾದರೂ ಲೆಕ್ಕ ತೀರಿಸಬೇಕು ಅಂತ ತಾರೀಕು ಇಟ್ಟುಕೊಂಡಿದ್ದಾರಲ್ಲ, ಅದು ನನಗೆ ಇಷ್ಟ.

ಎರಡನೆಯದು ವಿಪಶ್ಯನ ಅನ್ನುವ ಧ್ಯಾನ. ಗೊರಾಯಿ ಖಾಡಿಯ ಆಚೆ ಚಿನ್ನದ ಬಣ್ಣದ ಪಗೋಡ ಕಾಣುತ್ತದಲ್ಲ, ಬೊರಿವಲಿಯಿಂದ ದೋಣಿಯಲ್ಲಿ ಹೋಗುತ್ತೇವಲ್ಲ, ಅದು. ಒಳಗೆ ಒಂದೂ ಕಂಬ ಇಲ್ಲದ ಗುಮ್ಮಟ, ಎಂಟು ಸಾವಿರ ಜನ ಕೂರಬಹುದು. ನಾವು ಅಲ್ಲಿ ಹೋಗಿ ಫೋಟೋ ತೆಗೆದು, ವಡಾ ಪಾವ್ ತಿಂದು ಬರುತ್ತೇವೆ. ಅದನ್ನು ಕಟ್ಟಲು ಕಾರಣರಾದ ಸತ್ಯನಾರಾಯಣ ಗೋಯೆಂಕಾ ಬರ್ಮಾದಲ್ಲಿ ಹುಟ್ಟಿದ ವ್ಯಾಪಾರಿ. ಮೈಗ್ರೇನ್ ತಲೆನೋವು ತಡೆಯಲಾಗದೆ ಅಲೆದು, ಕೊನೆಗೆ ಊ ಬಾ ಖಿನ್ ಅವರ ಹತ್ತಿರ ಹೋದರು. ಈ ಗುರು ಕಾವಿ ತೊಟ್ಟ ಸನ್ಯಾಸಿಯಲ್ಲ. ಬರ್ಮಾ ಸರ್ಕಾರದ ಅಕೌಂಟೆಂಟ್ ಜನರಲ್ ಆಗಿದ್ದ ಸಂಸಾರಸ್ಥ. ಲೆಕ್ಕಪತ್ರದ ಆಫೀಸಿನಿಂದ ಬಂದ ಗುರು ಅಂದರೆ ನನಗೆ ಸುಮ್ನೆ ಖುಷಿ. ಗೋಯೆಂಕಾ 1969ರಲ್ಲಿ ಭಾರತಕ್ಕೆ ಬಂದು ಮೊದಲ ಶಿಬಿರ ನಡೆಸಿದ್ದು ಇದೇ ಮುಂಬೈಯಲ್ಲಿ. ಇಗತ್‌ಪುರಿಯ ಧಮ್ಮಗಿರಿ ಶಿಬಿರ ಕೇಂದ್ರ ಶುರುವಾದದ್ದು 1976ರಲ್ಲಿ.

ಹತ್ತು ದಿನದ ಶಿಬಿರ. ಬೆಳಿಗ್ಗೆ ನಾಲ್ಕಕ್ಕೆ ಗಂಟೆ ಹೊಡೆಯುತ್ತಾರೆ. ಫೋನ್ ಇಲ್ಲ, ಪುಸ್ತಕ ಇಲ್ಲ, ಮಾತಿಲ್ಲ, ಕಣ್ಸನ್ನೆ ಕೂಡ ಇಲ್ಲ. ಫೀಸೂ ಇಲ್ಲ. ಮೊದಲು ಶಿಬಿರ ಮುಗಿಸಿದವರ ದಾನದಲ್ಲಿ ನಡೆಯುತ್ತದೆ. ಮೊದಲ ಮೂರು ದಿನ ಮೂಗಿನ ಹತ್ತಿರ ಉಸಿರು ನೋಡುವುದು. ನಾಲ್ಕನೆಯ ದಿನದಿಂದ ಮೈಯಲ್ಲಿ ಏನೇನು ಆಗುತ್ತದೋ ಅದನ್ನು ನೋಡುವುದು. ತುರಿಕೆ ಬಂದರೆ ತುರಿಸಿಕೊಳ್ಳದೆ ನೋಡಬೇಕು. ಸ್ವಲ್ಪ ಹೊತ್ತಿಗೆ ಅದು ತಾನೇ ಹೋಗುತ್ತದೆ. ಮೊಣಕಾಲು ನೋವನ್ನೂ ಹಾಗೇ ನೋಡಬೇಕು.

ಇದಕ್ಕೂ ತೀರ್ಪಿಗೂ ಏನು ಸಂಬಂಧ ಅಂತೀರಾ? ಹೋಗಿ ಬಂದವರನ್ನು ಕೇಳಿ, ನಗುತ್ತಾ ಹೇಳುತ್ತಾರೆ. ಮಾತು ನಿಂತರೂ ತಲೆಯೊಳಗಿನ ಕೋರ್ಟು ನಿಲ್ಲುವುದಿಲ್ಲ. ಪಕ್ಕದವನು ಬೇಕೆಂದೇ ಕೆಮ್ಮುತ್ತಾನೆ. ಮುಂದಿನವಳು ಎರಡು ಬಾಳೆಹಣ್ಣು ತೆಗೆದುಕೊಂಡಳು. ಆ ಮೂಲೆಯಲ್ಲಿ ಕೂತವರಿಗೆ ಖಂಡಿತ ಅಹಂಕಾರ. ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ, ಒಂದು ಮಾತೂ ಆಡಿಲ್ಲ. ಆದರೂ ತೀರ್ಪು ಸಿದ್ಧ! ಹತ್ತನೆಯ ದಿನ ಮೌನ ಮುರಿದು ಮಾತಾಡಿದಾಗ, ಕೆಮ್ಮುತ್ತಿದ್ದವನು ಅಸ್ತಮಾ ಇರುವ ಪಾಪದ ಮನುಷ್ಯ ಆಗಿರಬಹುದು. ಅಥವಾ ನಿಜವಾಗಲೂ ತಲೆ ತಿನ್ನುವವನೇ ಆಗಿರಬಹುದು. ಅದು ಮುಖ್ಯ ಅಲ್ಲ. ಸಾಕ್ಷಿ ಇಲ್ಲದೆ, ಆರೋಪಿಯ ಹೆಸರೂ ಇಲ್ಲದೆ ಆ ಕೋರ್ಟು ನಡೆಯುತ್ತಿತ್ತು ಅಂತ ಅವರಿಗೆ ಕಣ್ಣಾರೆ ಗೊತ್ತಾಯಿತಲ್ಲ. ಯಾರ ಉಪದೇಶವೂ ಅದನ್ನು ಇಷ್ಟು ಚೆನ್ನಾಗಿ ತೋರಿಸುವುದಿಲ್ಲ.

ಮೂರನೆಯದು ವಾರಕರಿಗಳು, ಪಂಢರಪುರದ ವಿಠ್ಠಲನಿಗೆ ನಡೆದುಕೊಂಡು ಹೋಗುವ ಭಕ್ತರು. ಆಷಾಢ ಏಕಾದಶಿಗೆ ಆಳಂದಿಯಿಂದ ಜ್ಞಾನೇಶ್ವರರ ಪಾಲಕಿ, ದೇಹುವಿನಿಂದ ತುಕಾರಾಮರ ಪಾಲಕಿ ಪಂಢರಪುರಕ್ಕೆ ಹೊರಡುತ್ತವೆ. ಎರಡೂ ಪುಣೆಯ ಮೇಲೆಯೇ ಹೋಗುತ್ತವೆ. ಮೂರು ವಾರದ ನಡಿಗೆ, ಮಳೆಯಲ್ಲಿ, ಕೆಸರಿನಲ್ಲಿ. ಪುಣೆಯಲ್ಲಿ ನೆಂಟರಿರುವವರು ಒಮ್ಮೆ ಆ ದಿನಗಳಲ್ಲಿ ಹೋಗಿ ನೋಡಿ. ಅಲ್ಲಿ ಒಬ್ಬರು ಇನ್ನೊಬ್ಬರನ್ನು ಮಾವುಲಿ ಅಂತಲೇ ಕರೆಯುವುದು. ಗಂಡಸರನ್ನೂ ಮಾವುಲಿ, ಹೆಂಗಸರನ್ನೂ ಮಾವುಲಿ, ದಾರಿ ಬಿಡಿ ಅನ್ನಲೂ ಮಾವುಲಿ. ತಾಯಿ ಅಂತ ಅರ್ಥ. ಅರವತ್ತು ದಾಟಿದವರು ಇಪ್ಪತ್ತರ ಹುಡುಗನ ಕಾಲು ಮುಟ್ಟುತ್ತಾರೆ, ಅವನೂ ಅವರ ಕಾಲು ಮುಟ್ಟುತ್ತಾನೆ. ಇವನ ಯೋಗ್ಯತೆ ಏನು ಅಂತ ವಿಚಾರಿಸಿ ಆಮೇಲೆ ಬಗ್ಗುವುದಿಲ್ಲ. ಮೊದಲು ಬಗ್ಗಿಬಿಡುತ್ತಾರೆ. ಮನಸ್ಸು ಬದಲಾಗುವ ತನಕ ಕಾಯದೆ ಸೊಂಟವನ್ನು ಮೊದಲು ಬಗ್ಗಿಸುವುದರಲ್ಲಿ ಜಾಣತನ ಇದೆ. ಬಗ್ಗಿದವನ ತಲೆಯಲ್ಲಿ ಆ ಕ್ಷಣ ತೀರ್ಪು ಕೊಡುವುದು ಸ್ವಲ್ಪ ಕಷ್ಟವೇ.

ಆದರೆ ಪಂಢರಪುರದ ಹೆಸರು ಎತ್ತಿದ ಮೇಲೆ ಕಷ್ಟದ ಪ್ರಶ್ನೆಯನ್ನೂ ಎತ್ತಲೇಬೇಕು. ತೀರ್ಪು ಬಿಡುವುದು ಅಂದರೆ ಅನ್ಯಾಯ ನೋಡಿಯೂ ಸುಮ್ಮನಿರುವುದಾ? ಇದೇ ವಾರಕರಿಗಳ ಸಂತ ಚೋಖಾಮೇಳ. ಮಹಾರ್ ಜಾತಿಯಲ್ಲಿ ಹುಟ್ಟಿದವರು, ಹಾಗಾಗಿ ದೇವಸ್ಥಾನದ ಒಳಗೆ ಬಿಡಲಿಲ್ಲ. ಇರುತ್ತಿದ್ದದ್ದು ಮಂಗಳವೇಢೆಯಲ್ಲಿ. ಅಲ್ಲಿ ಗೋಡೆ ಕುಸಿದು ತೀರಿಕೊಂಡರು. ಅವರ ಮೂಳೆಗಳಿಂದ ವಿಠ್ಠಲ ನಾಮ ಕೇಳಿಸುತ್ತಿತ್ತು, ಅದರಿಂದಲೇ ಸಂತ ನಾಮದೇವರು ಗುರುತಿಸಿ ಆರಿಸಿ ತಂದರು ಅಂತ ಕತೆ. ಅವರ ಸಮಾಧಿ ಇವತ್ತಿಗೂ ಮಹಾದ್ವಾರದ ಎದುರಿಗಿದೆ, ಹೊರಗೆ. ಮಂಗಳವೇಢೆ ಅಂದಾಗ ಕನ್ನಡದವರಾದ ನಮಗೆ ಕಿವಿ ನಿಮಿರಬೇಕು. ಅದು ಬಿಜ್ಜಳನ ಮಂಗಳವಾಡ. ಬಸವಣ್ಣ ಕರಣಿಕರಾಗಿ ಕೆಲಸ ಶುರು ಮಾಡಿದ ಊರು ಅಂತ ಹೇಳುವುದು ಇದನ್ನೇ. ಈಗ ಸೊಲ್ಲಾಪುರ ಜಿಲ್ಲೆಯಲ್ಲಿದೆ. ಪಂಢರಪುರಕ್ಕೆ ಹೋದವರು ಅಲ್ಲಿಗೂ ಹೋಗಿ ಬನ್ನಿ, ದೂರ ಏನಿಲ್ಲ.

ಎಲ್ಲರೂ ಎಲ್ಲರ ಕಾಲು ಮುಟ್ಟುವ ಪಂಥದಲ್ಲೇ ಒಬ್ಬ ಸಂತನಿಗೆ ಹೊಸ್ತಿಲು ದಾಟಲು ಆಗಲಿಲ್ಲ. ನೂರಾರು ವರ್ಷ ಹಾಗೇ ನಡೆಯಿತು. 1947ರ ಮೇ ತಿಂಗಳಲ್ಲಿ ಮರಾಠಿ ಲೇಖಕ, ಸ್ವಾತಂತ್ರ್ಯ ಹೋರಾಟಗಾರ ಸಾನೆ ಗುರೂಜಿ ಪಂಢರಪುರದಲ್ಲಿ ಉಪವಾಸ ಕೂತರು. ಅದಕ್ಕೆ ಮೊದಲು ತಿಂಗಳುಗಟ್ಟಲೆ ಮಹಾರಾಷ್ಟ್ರ ಸುತ್ತಿ ಜನರ ಹತ್ತಿರ ಮಾತಾಡಿದ್ದರು. ಕೊನೆಗೆ ದೇವಸ್ಥಾನದ ಬಾಗಿಲು ದಲಿತರಿಗೆ ತೆರೆಯಿತು. ಅವರು ಮಾಡಿದ್ದನ್ನು ಸ್ವಲ್ಪ ಗಮನಿಸಿ. ಬಾಗಿಲು ಮುಚ್ಚಿರುವುದು ತಪ್ಪು, ಅದರಲ್ಲಿ ಅವರಿಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ. ಆದರೆ ಊಟ ಬಿಟ್ಟದ್ದು ತಾವು. ಬಾಗಿಲು ಕಾಯುತ್ತಿದ್ದವರ ಮನಸ್ಸೂ ತೆರೆಯಬಹುದು ಅನ್ನುವ ನಂಬಿಕೆ ಇಲ್ಲದೆ ಯಾರೂ ಉಪವಾಸ ಕೂರುವುದಿಲ್ಲ. ಅವರೆಲ್ಲ ಇಷ್ಟೇ ಅಂತ ಸೀಲ್ ಹೊಡೆದವನಿಗೆ ಬೈಯುವುದೊಂದೇ ದಾರಿ ಉಳಿಯುತ್ತದೆ.

ಹಾಗಾಗಿ ಸೊಸೈಟಿ ಮೀಟಿಂಗಿನಲ್ಲಿ ಬಾಡಿಗೆದಾರರ ಜಾತಿ ಧರ್ಮ ಕೇಳಿದರೆ ಎದ್ದು ನಿಂತು ಬೇಡ ಅನ್ನಿ. ಮನೆಗೆಲಸದವರಿಗೆ ಬೇರೆ ಲೋಟ ಇಟ್ಟಿದ್ದರೆ ತೆಗೆಯಿರಿ, ಪಕ್ಕದ ಮನೆಯವರಿಗೂ ಹೇಳಿ. ಹೇಳಿದ ಮೇಲೆ ಅವರ ಮನೆಯ ಕಾಫಿ ಕುಡಿದೇ ಬನ್ನಿ.

ಇನ್ನು ಆರಿಸಿಕೊಳ್ಳುವ ಮಾತು. ಮುಂಬೈಯಲ್ಲಿ ಅಧ್ಯಾತ್ಮಕ್ಕೆ ಟೈಮ್‌ಟೇಬಲ್ ಇದೆ. ಮಂಗಳವಾರ ಸಿದ್ಧಿವಿನಾಯಕ, ಬುಧವಾರ ಮಾಹಿಮ್ ಚರ್ಚಿನ ನೊವೆನಾ ಪ್ರಾರ್ಥನೆ, ರಜೆ ಸಿಕ್ಕರೆ ಗಣೇಶಪುರಿಯ ನಿತ್ಯಾನಂದ ಸ್ವಾಮಿಗಳ ಸಮಾಧಿ. ನಮ್ಮ ಹೋಟೆಲುಗಳ ಗಲ್ಲಾಪೆಟ್ಟಿಗೆಯ ಮೇಲೂ ಅವರ ಫೋಟೋ ಇರುತ್ತದೆ. ಹೋಗಬೇಡಿ ಅನ್ನುವುದಿಲ್ಲ, ನಾನೂ ಹೋಗುತ್ತೇನೆ. ಆದರೆ ಈ ಓಡಾಟದಲ್ಲಿ ನಾವು ಏನನ್ನೂ ಬಿಟ್ಟಿರುವುದಿಲ್ಲ, ಸೇರಿಸಿಕೊಂಡಿರುತ್ತೇವೆ ಅಷ್ಟೇ. ಒಂದನ್ನು ಆರಿಸಿಕೊಂಡರೆ ಇನ್ನೊಂದು ಕೈಬಿಡಬೇಕಾಗುತ್ತದೆ. ಇಲ್ಲಿ ಕೈಬಿಡಬೇಕಾದದ್ದು ಆ ರುಚಿ.

ಬಿಡುವುದು ಹೇಗೆ? ನಮ್ಮ ಹಿರಿಯರಿಗೆ ವ್ರತ ಅನ್ನುವ ದಾರಿ ಗೊತ್ತಿತ್ತು. ಜೀವನಪೂರ್ತಿ ಬಿಡುತ್ತೇನೆ ಅಂದರೆ ಸಂಜೆಯೊಳಗೆ ಮುರಿಯುತ್ತದೆ. ಏಕಾದಶಿ ತಿಂಗಳಿಗೆ ಎರಡು ಸಲ ಬರುತ್ತದಲ್ಲ, ಆ ದಿನ ಅನ್ನದ ಜೊತೆ ಇದನ್ನೂ ಬಿಡಿ. ಎದುರಿಗಿಲ್ಲದವರ ಬಗ್ಗೆ ಆ ದಿನ ಮಾತಿಲ್ಲ. ಒಳ್ಳೆಯದೂ ಬೇಡ. ಯಾಕೆಂದರೆ "ತುಂಬಾ ಒಳ್ಳೆಯವಳು, ಆದರೆ..." ಅಂತಲೇ ನಮ್ಮ ಹೊಗಳಿಕೆ ಮುಗಿಯುವುದು. ಸುದ್ದಿ ಬಂದರೆ ಕೇಳಿ, ಮುಂದಕ್ಕೆ ದಾಟಿಸಬೇಡಿ. ಮಧ್ಯಾಹ್ನದ ಹೊತ್ತಿಗೆ ನಾಲಿಗೆ ತುರಿಸಲು ಶುರುವಾಗುತ್ತದೆ. ಆಗ ಇಗತ್‌ಪುರಿಯವರು ಹೇಳುವ ಹಾಗೆ ಅದನ್ನು ನೋಡಿ. ವ್ರತ ಮುರಿದರೆ, "ಛೇ, ನನ್ನಿಂದ ಆಗಲ್ಲ, ನನ್ನ ಬುದ್ಧಿಯೇ ಇಷ್ಟು" ಅನ್ನಬೇಡಿ. ಅದು ನಿಮ್ಮ ಮೇಲೆ ನೀವೇ ಹೊಡೆದ ಸೀಲು. ಹದಿನೈದು ದಿನಕ್ಕೆ ಮತ್ತೆ ಏಕಾದಶಿ ಬರುತ್ತದೆ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ತಾಯಿ ಕೇಳಿದರು: "ಅಕ್ಕಾ, ನಾನೇನೋ ಬಿಡುತ್ತೇನೆ. ಅವರು ನನ್ನ ಬಗ್ಗೆ ಆಡುವುದನ್ನು ಬಿಡಬೇಕಲ್ಲ?"

ಅವರು ಬಿಡುವುದಿಲ್ಲಮ್ಮ. ನೀವು ಆಡದೆ ಕೂತರೆ ಇನ್ನೂ ನಾಲ್ಕು ಮಾತು ಜಾಸ್ತಿಯೇ ಆಡುತ್ತಾರೆ. ದೊಡ್ಡ ಸಾಧ್ವಿ ಆಗಿಬಿಟ್ಟಳು ಅಂತಾರೆ. ಆಡಿದ್ದರಲ್ಲಿ ನಿಜ ಇದ್ದರೆ ಇಟ್ಟುಕೊಳ್ಳಿ, ಅಷ್ಟು ಬಿಟ್ಟಿಯಾಗಿ ಯಾರೂ ತಪ್ಪು ಹುಡುಕಿಕೊಡುವುದಿಲ್ಲ. ನಿಜ ಇಲ್ಲದಿದ್ದರೆ ಒಂದು ದಿನ ನೇರ ಅವರ ಮನೆಗೇ ಹೋಗಿ, ಹೀಗಲ್ಲ, ಹೀಗೆ ಅಂತ ಹೇಳಿ ಬನ್ನಿ. ನನಗೆ ಮಾತ್ರ ಅವರು ಏನಂದರು ಅಂತ ಹೇಳಬೇಡಿ. ಕೇಳಬೇಕು ಅಂತ ನನಗೆ ಆಗಲೇ ಆಸೆ ಆಗುತ್ತಿದೆ.